ಕರೆಂಟು ಹೋದ ಕಡಲು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಮಲ್ಪೆಯ ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಬೋಟಿನವರು ಬಲೆ ರಿಪೇರಿ ಮಾಡುತ್ತಾರೆ, ನೆಂಟರ ಮನೆಗೆ ಹೋಗುತ್ತಾರೆ, ಬೆಂಗಳೂರಿನ ಮಕ್ಕಳನ್ನು ನೋಡಿ ಬರುತ್ತಾರೆ. ಹಾಗೆ ಬಂದವರು ಈ ಚಿಕ್ಕಪ್ಪ. ಪಾಲಿನಲ್ಲಿ ಟ್ರಾಲ್ ಬೋಟು ನಡೆಸಿದವರು, ಈಗ ಲೆಕ್ಕಪತ್ರ ಮಾತ್ರ ನೋಡಿಕೊಳ್ಳುತ್ತಾರೆ. ಎದುರಿಗೆ ಕೂತವಳು ಅವರ ಅಣ್ಣನ ಮಗಳು, ಬೆಂಗಳೂರಿನಲ್ಲೇ ಬೆಳೆದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಹಾಲ್‌ನ ಗೋಡೆಗೆ ಆತು ನಿಂತಿರುವುದು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಸುಮಾರು 250 ಲೀಟರ್ ಉಪ್ಪುನೀರು. ದೀಪ ಆರಿಸಿದೆ. ಕಳೆದ ವಾರಾಂತ್ಯದ ಗಾಳಿಮಳೆಗೆ ರಸ್ತೆಯ ಟ್ರಾನ್ಸ್‌ಫಾರ್ಮರ್ ಸುಟ್ಟು, ರಾತ್ರಿಯಿಡೀ ಕರೆಂಟಿಲ್ಲದೆ, ಅದರೊಳಗಿನ ಮೀನುಗಳಲ್ಲಿ ಬದುಕಿ ಉಳಿದದ್ದು ಒಂದೇ. ಮನೆಯವರು ಮೈಸೂರಿನ ಮದುವೆಗೆ ಹೋಗಿದ್ದರು.

ಚಿಕ್ಕಪ್ಪ: ಇನ್ನು ಇದನ್ನು ತೊಳೆದು ಒಣಗಿಸಿ ಯಾರಿಗಾದರೂ ಕೊಟ್ಟುಬಿಡು ಮಾರಾಯ್ತಿ. ಕಡಲನ್ನು ಪ್ಲಗ್ಗಿಗೆ ಸಿಕ್ಕಿಸಿ ಬದುಕಿಸ್ಲಿಕ್ಕೆ ಆಗ್ತದಾ?

ಆಕೆ: ಇಷ್ಟು ದಿನ ಬದುಕಿತ್ತಲ್ಲ ಚಿಕ್ಕಪ್ಪ. ಒಂದು ರಾತ್ರಿ ಕೈಕೊಟ್ಟಿತು ಅಂತ ಎಲ್ಲವನ್ನೂ ಕಟ್ಟಿಡಬೇಕಾ?

ಚಿಕ್ಕಪ್ಪ: ಇನ್ವರ್ಟರ್ ಉಂಟಲ್ಲ ಮನೆಯಲ್ಲಿ. ಫ್ಯಾನು ತಿರುಗ್ತಿತ್ತಂತೆ, ವೈಫೈ ಇತ್ತಂತೆ. ಇದಕ್ಕೆ ಮಾತ್ರ ಇಲ್ಲವಾ?

ಆಕೆ: ವೈರಿಂಗ್ ಮಾಡಿದವರು ಇನ್ವರ್ಟರ್ ಲೈನನ್ನು ದೀಪಕ್ಕೆ, ಫ್ಯಾನಿಗೆ, ರೂಟರಿಗೆ ಎಳೆದರು. ಈ ತೊಟ್ಟಿಗೆ ನೀರು ತಂಪು ಮಾಡುವ ಚಿಲ್ಲರ್ ಇದೆ, ಅದು ಎಳೆಯುವ ಕರೆಂಟು ಜಾಸ್ತಿ, ಹಾಗಾಗಿ ದೊಡ್ಡ ಪಾಯಿಂಟಿಗೆ ಹಾಕಿದರು. ಸಣ್ಣ ಪಂಪುಗಳ ಪ್ಲಗ್ಗೂ ಅದೇ ಬೋರ್ಡಿಗೇ ಹೋಯ್ತು. ಪಂಪು ತಿನ್ನುವ ಕರೆಂಟು ಒಂದು ಫ್ಯಾನಿಗಿಂತ ಕಡಿಮೆ. ಚಿಲ್ಲರ್ ನಿಂತಿದ್ದರೆ ಮೀನುಗಳಿಗೆ ಏನೂ ಆಗುತ್ತಿರಲಿಲ್ಲ. ಪಂಪು ನಿಂತಿದ್ದಕ್ಕೆ ಸತ್ತವು.

ಚಿಕ್ಕಪ್ಪ: ಸೆಖೆಗೆ ಅಲ್ಲ, ಉಸಿರು ಕಟ್ಟಿ ಅಂತೀಯಾ?

ಆಕೆ: ಮೊದಲ ಏಟು ಅದೇ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು 8 ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿದುಕೊಳ್ಳುತ್ತೆ. ಸಮುದ್ರದ ನೀರು ಹಿಡಿಯೋದು 7ಕ್ಕಿಂತ ಕಡಿಮೆ. ಉಪ್ಪು ಸೇರಿದಷ್ಟೂ, ಬಿಸಿ ಏರಿದಷ್ಟೂ ಅದು ಇಳಿಯುತ್ತೆ. ಮೇಲ್ಮೈ ಅಲುಗಾಡದಿದ್ದರೆ ಹೊಸ ಗಾಳಿ ಕರಗಲ್ಲ. ಒಳಗೆ ಮೀನು ಮಾತ್ರ ಅಲ್ಲ, ಕಲ್ಲು ಮರಳುಗಳಲ್ಲಿರೋ ಬ್ಯಾಕ್ಟೀರಿಯಾ, ಪಾಚಿ, ಹುಳ ಎಲ್ಲವೂ ರಾತ್ರಿಯಿಡೀ ಉಸಿರಾಡ್ತಾ ಇರುತ್ತವೆ.

ಚಿಕ್ಕಪ್ಪ: ಕತ್ತಲೆಯಲ್ಲಿ ಪಾಚಿಯೂ ಪಾಲು ಕೇಳ್ತದೆ. ಅದು ನಮಗೆ ಸಿಗಡಿ ಕೆರೆಯವರಿಂದ ಗೊತ್ತುಂಟು. ಬೆಳಗಿನ ಜಾವ ಅವರು ಏರೇಟರ್ ನೋಡ್ಲಿಕ್ಕೆ ಓಡ್ತಾರೆ.

ಆಕೆ: ಅದೇ. ಬೆಳಿಗ್ಗೆ ಮನೆಕೆಲಸಕ್ಕೆ ಬಂದ ಅಕ್ಕ ಬಾಗಿಲು ತೆಗೆದಾಗ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇದ್ದವಂತೆ. ಫೋನ್ ಮಾಡಿದಳು. ಚೊಂಬಿನಲ್ಲಿ ನೀರು ಎತ್ತಿ ಎತ್ತರದಿಂದ ಸುರೀತಾ ಇರು ಅಂದೆ. ಸುರಿದಳು. ಅದು ಪೆದ್ದು ಉಪಾಯ ಅಂತ ಅಂದುಕೊಳ್ಳಬೇಡಿ. 1846ರಲ್ಲಿ ಆನಾ ಥಿನ್ ಅನ್ನೋ ಹೆಂಗಸು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳದ ಜೀವಿಗಳನ್ನು ಕಲ್ಲಿನ ಜಾಡಿಯಲ್ಲಿ ಲಂಡನ್ನಿಗೆ ತಂದಳು. ಪಂಪು ಇಲ್ಲದ ಕಾಲ. ತೆರೆದ ಕಿಟಕಿಯ ಹತ್ತಿರ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಸುರಿದೇ ಬದುಕಿಸಿದರು. ಮನೆಯೊಳಗೆ ಕಡಲಜೀವಿ ಸಾಕೋದು ಅಲ್ಲಿಂದ ಬೆಳೆದು ಬಂದದ್ದು.

ಚಿಕ್ಕಪ್ಪ: ಸುರಿದದ್ದು ಆ ಹೆಂಗಸೇಯಾ?

ಆಕೆ: ಹೆಚ್ಚಾಗಿ… ಅವಳ ಮನೆಗೆಲಸದವಳು.

ಚಿಕ್ಕಪ್ಪ: ಹೆಸರು ಉಂಟಾ ಅವಳದ್ದು, ಪುಸ್ತಕದಲ್ಲಿ?

ಆಕೆ: ನಾನು ಓದಿದ್ದರಲ್ಲಿ ಇರಲಿಲ್ಲ.

ಚಿಕ್ಕಪ್ಪ: ನೋಡು. ಇಲ್ಲಿಯೂ ಮನೆಗೆಲಸದವಳೇ ಸುರಿದದ್ದು. ಆ ದಿನ ಅವಳಿಗೆ ಇನ್ನೂ ಎರಡು ಮನೆ ಇತ್ತೋ ಏನೋ. ಅದಕ್ಕೆ ಸಂಬಳ ಉಂಟಾ?

ಆಕೆ: ಕೊಟ್ಟೆ ಚಿಕ್ಕಪ್ಪ. ಕೊಟ್ಟರೂ ನಿಮ್ಮ ಪ್ರಶ್ನೆ ಹಾಗೇ ಇರುತ್ತೆ, ಗೊತ್ತು.

(ಇಬ್ಬರ ಮಾತನ್ನೂ ಕೇಳಿ ಬರೆದಿಟ್ಟ ನನಗೆ ಚಿಕ್ಕಪ್ಪ ಗೆಲುವಿನ ಕಡೆ ಹೊರಟಂತೆ ಕಂಡದ್ದು ಇಲ್ಲಿ. ಆದರೆ ಆಕೆ ಬೇಗ ಚೇತರಿಸಿಕೊಂಡಳು.)

ಚಿಕ್ಕಪ್ಪ: ಅವಳು ಸುರಿದಳು, ಮೀನು ಬದುಕಿದ್ದವು. ಮತ್ತೆ ಸತ್ತದ್ದು ಹೇಗೆ?

ಆಕೆ: ಕರೆಂಟು ಬಂದದ್ದರಿಂದ.

ಚಿಕ್ಕಪ್ಪ: ಎಂತ?

ಆಕೆ: ತೊಟ್ಟಿಯ ಕೆಳಗೆ ಮುಚ್ಚಿದ ಡಬ್ಬದ ಹಾಗಿರೋ ಫಿಲ್ಟರ್ ಇದೆ. ಅದರ ಒಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರೋ ಅಮೋನಿಯಾವನ್ನು ಒಂದು ಬಗೆಯದು ನೈಟ್ರೈಟ್ ಮಾಡುತ್ತೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತೆ. ಮೊದಲಿನ ಎರಡೂ ವಿಷ, ಕೊನೆಯದು ಅಷ್ಟಿಲ್ಲ. ನೀರು ಹರಿಯೋದು ನಿಂತರೆ ಆ ಡಬ್ಬದೊಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿಯುತ್ತೆ. ಬ್ಯಾಕ್ಟೀರಿಯಾ ಸತ್ತು ಕೊಳೆಯೋಕೆ ಶುರು. ಮಧ್ಯಾಹ್ನ ಕರೆಂಟು ಬಂತು. ಫಿಲ್ಟರ್ ತಾನಾಗಿ ಸ್ಟಾರ್ಟ್ ಆಗಿ ಆ ಕೊಳೆತ ನೀರನ್ನೆಲ್ಲ ತೊಟ್ಟಿಗೆ ಉಗುಳಿತು. ಕೊಳೆತ ಮೊಟ್ಟೆಯ ವಾಸನೆ ಬಂತು ಅಂದಳು ಅಕ್ಕ. ರಾತ್ರಿ ದಾಟಿದ್ದ ಮೀನುಗಳು ಆಗ ಹೋದವು. ದೊಡ್ಡ ಕ್ಲೌನ್ ಮೀನು, ನೀಲಿ ಡ್ಯಾಮ್ಸೆಲ್‌ಗಳು, ಕ್ಲೀನರ್ ಸಿಗಡಿ.

ಚಿಕ್ಕಪ್ಪ: ಕತ್ತಲೆ ಕೊಂದದ್ದಕ್ಕಿಂತ ಬೆಳಕು ಕೊಂದದ್ದು ಹೆಚ್ಚು.

ಆಕೆ: ಅದಕ್ಕೇ ಹೇಳೋದು, ಇಂಥದ್ದರಲ್ಲಿ ಎರಡನೇ ಏಟು ನಾವೇ ಹಾಕೋದು. ಗಾಬರಿಯಲ್ಲಿ ಕೆಲವರು ನಲ್ಲಿ ನೀರು ಸುರೀತಾರೆ, ಅದರ ಕ್ಲೋರಿನ್ ಉಳಿದ ಬ್ಯಾಕ್ಟೀರಿಯಾವನ್ನೂ ಮುಗಿಸುತ್ತೆ. ಕೆಲವರು ತಳದ ಮರಳನ್ನು ಕಲಕಿ ಸ್ವಚ್ಛ ಮಾಡ್ತಾರೆ, ಅಡಿಯಲ್ಲಿ ಕೂತಿದ್ದ ವಿಷಗಾಳಿ ಮೇಲೆ ಬರುತ್ತೆ. ಇನ್ನು ಕೆಲವರು ಸತ್ತ ಜಾಗ ತುಂಬೋಕೆ ಮರುದಿನವೇ ಹೊಸ ಮೀನು ತರ್ತಾರೆ.

ಚಿಕ್ಕಪ್ಪ: ನೀನು ಎಂತ ಮಾಡಿದೆ?

ಆಕೆ: ಮೈಸೂರಿಂದ ಬಂದ ತಕ್ಷಣ ಫಿಲ್ಟರ್ ನಿಲ್ಲಿಸಿ ಬಿಚ್ಚಿಟ್ಟೆ. ಬದುಕಿದ್ದ ಚಿಕ್ಕ ಕ್ಲೌನನ್ನು ಬಕೆಟ್‌ಗೆ ಹಾಕಿದೆ. ಆರ್‌ಒ ನೀರಿಗೆ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪು ಕರಗಿಸಿ, ಬಿಸಿ ಹೊಂದಿಸಿ, ಬ್ಯಾಟರಿಯ ಗಾಳಿಪಂಪು ಇಟ್ಟು. ಸತ್ತದ್ದನ್ನು ಹುಡುಕಿ ಹುಡುಕಿ ತೆಗೆದೆ. ಸಿಗಡಿ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅರ್ಧ ನೀರು ಬದಲಾಯಿಸಿದೆ, ಒಂದು ಚೀಲ ಆಕ್ಟಿವೇಟೆಡ್ ಕಾರ್ಬನ್ ಇಳಿಬಿಟ್ಟೆ, ದೀಪ ಆರಿಸಿದೆ. ಅಷ್ಟೇ. ಈಗ ದಿನಾ ಅಮೋನಿಯಾ ಅಳೀತೀನಿ, ಏರಿದರೆ ಮತ್ತೆ ನೀರು ಬದಲಿಸ್ತೀನಿ. ಬೇರೇನೂ ಮಾಡದೆ ಕೂರೋದೇ ಕಷ್ಟದ ಕೆಲಸ.

ಚಿಕ್ಕಪ್ಪ: ಕಲ್ಲುಗಳಲ್ಲಿ ಸತ್ತದ್ದು ತುಂಬ ಇರ್ತದೆ. ಹಂಡೆಯಲ್ಲಿ ಹಾಕಿ ಒಂದು ಕುದಿ ಕುದಿಸಿದರೆ ಮುಗೀತಲ್ಲ?

ಆಕೆ: ಅಯ್ಯೋ, ಅದೊಂದು ಮಾತ್ರ ಬೇಡ! ಕಲ್ಲಿಗೆ ಅಂಟಿ ಬೆಳೆಯೋ ಕೆಲವು ಗುಂಡಿಯಂಥ ಜೀವಿಗಳಲ್ಲಿ ಪಾಲಿಟಾಕ್ಸಿನ್ ಇರುತ್ತೆ. 1971ರಲ್ಲಿ ಹವಾಯಿಯ ಅಂಥದ್ದೇ ಜೀವಿಯಿಂದ ಅದನ್ನು ಬೇರ್ಪಡಿಸಿದರು. ನಿಸರ್ಗದಲ್ಲಿ ಸಿಗೋ ಅತಿ ಘೋರ ವಿಷಗಳಲ್ಲಿ ಒಂದು. ಕಲ್ಲು ಕುದಿಸಿದ ಹಬೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ನನ್ನದು ಅಚ್ಚು ಹಾಕಿ ಮಾಡಿದ ಕಲ್ಲು, ಹವಳದ್ದಲ್ಲ. ಆದರೂ ಅದರ ಮೇಲೆ ಏನೇನು ಬೆಳೆದಿದೆ ಅಂತ ಯಾರಿಗೆ ಗೊತ್ತು.

ಚಿಕ್ಕಪ್ಪ: ಹವಳ ಇಟ್ಟಿರಲಿಲ್ಲವಾ ನೀನು?

ಆಕೆ: ಇಲ್ಲ. 2001ರಿಂದ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಕಡಲಕುದುರೆಯನ್ನೂ ಆಗಲೇ ಸೇರಿಸಿದ್ದರು. ಹುಲಿ ಇರೋ ಪಟ್ಟಿ ಅದು.

ಚಿಕ್ಕಪ್ಪ: ಕಾಯ್ದೆ ಪಾಲಿಸಿದೆ, ಸಂತೋಷ. ಮೀನಿಗೆ ಕಾಯ್ದೆ ಇಲ್ಲ ಅಂತ ಮೀನು ತಂದೆ. ಅವು ಎಲ್ಲಿಯವು?

ಆಕೆ: ಕ್ಲೌನ್‌ಗಳು ಮರಿ ಮಾಡಿಸಿದವು. ನಮ್ಮ ದೇಶದಲ್ಲೇ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸೋ ವಿಧಾನ ರೂಪಿಸಿದ್ದಾರೆ. ಉಳಿದವು… ಅಂಗಡಿಯವರನ್ನು ಕೇಳಿದರೆ ‘ಇಂಪೋರ್ಟ್’ ಅಂದರು.

ಚಿಕ್ಕಪ್ಪ: ಇಂಪೋರ್ಟ್ ಅಂದರೆ ಯಾವುದೋ ಹವಳದ ದಿಬ್ಬದಿಂದ ಹಿಡಿದದ್ದು.

ಆಕೆ: ಬಹುಪಾಲು ಹಾಗೇ. ಸಿನಿಮಾದಲ್ಲಿ ಬಂದ ಆ ನೀಲಿ ಟ್ಯಾಂಗ್ ಮೀನು ಇದೆಯಲ್ಲ, ಅದು ತೊಟ್ಟಿಯಲ್ಲಿ ಮೊದಲ ಸಲ ಮರಿಯಾಗಿ ಬೆಳೆದದ್ದು 2016ರಲ್ಲಿ, ಫ್ಲೋರಿಡಾದಲ್ಲಿ. ಅಲ್ಲಿಯವರೆಗೆ ಲೋಕದ ಯಾವ ಮನೆಯಲ್ಲಿದ್ದರೂ ಅದು ಕಡಲಿಂದ ಎತ್ತಿದ್ದೇ. 1960ರ ದಶಕದಲ್ಲಿ ಫಿಲಿಪೀನ್ಸ್‌ನಲ್ಲಿ ಸಯನೈಡ್ ಚಿಮುಕಿಸಿ ಮೀನನ್ನು ಮಂಕು ಮಾಡಿ ಹಿಡಿಯೋದು ಶುರುವಾಯ್ತು, ಅದರಿಂದ ಹವಳವೂ ಸಾಯುತ್ತೆ. ಇದನ್ನೆಲ್ಲ ನಾನೇ ಪಾಠ ಮಾಡ್ತೀನಿ ಚಿಕ್ಕಪ್ಪ. ಆದರೆ ನೀವು ಹೇಳಬಾರದು.

ಚಿಕ್ಕಪ್ಪ: ಯಾಕೆ?

ಆಕೆ: ನಿಮ್ಮ ಟ್ರಾಲ್ ಬಲೆ ಕಡಲ ತಳ ಕೆರೆದು ತರೋದರಲ್ಲಿ ಎಷ್ಟು ಮಾರುಕಟ್ಟೆಗೆ ಹೋಗುತ್ತೆ? ಉಳಿದ ಚಿಕ್ಕಪುಟ್ಟ ಮೀನೆಲ್ಲ ಫಿಶ್‌ಮೀಲ್ ಕಾರ್ಖಾನೆಗೆ. ಒಂದು ಬಲೆ ಎಳೆದಾಗ ಸಾಯೋದರ ಪಕ್ಕ ನನ್ನ ತೊಟ್ಟಿಯ ಮೀನು ಲೆಕ್ಕಕ್ಕೇ ಬರಲ್ಲ.

ಚಿಕ್ಕಪ್ಪ: ಹೋಗ್ತದೆ. ಸುಳ್ಳು ಹೇಳ್ಲಿಕ್ಕಿಲ್ಲ. ಒಳ್ಳೆಯ ಬೂತಾಯಿ ಕೂಡ ಹೋಗ್ತದೆ. ಆದರೆ ಅದಕ್ಕೆ ನಾನು ಪ್ರೀತಿ ಅಂತ ಹೆಸರಿಟ್ಟಿಲ್ಲ. ಹೊಟ್ಟೆಪಾಡು, ವ್ಯಾಪಾರ. ಮತ್ತೆ 61 ದಿನ ಬಲೆ ಮೇಲೆತ್ತಿ ಇಡ್ತೇವೆ, ಕಾನೂನಿಗೆ ಹೆದರಿಯೇ ಆಗಲಿ.

ಆಕೆ: ಪ್ರೀತಿ ಅಂದರೆ ತಪ್ಪಾ? ಈ ತೊಟ್ಟಿ ನೋಡಿ ನನ್ನ ವಿದ್ಯಾರ್ಥಿಗಳು ಲಕ್ಷದ್ವೀಪದ ಬಗ್ಗೆ ಕೇಳೋಕೆ ಶುರು ಮಾಡಿದರು. 1998ರಲ್ಲಿ ಕಡಲ ನೀರು ಬಿಸಿಯಾಗಿ ಅಲ್ಲಿಯ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿತು. 2010ರಲ್ಲಿ ಮತ್ತೆ, 2016ರಲ್ಲಿ ಮತ್ತೆ. ಅಲ್ಲಿ ಯಾವ ಪಂಪೂ ಕೆಟ್ಟಿರಲಿಲ್ಲ. ಹೊರಗಿನ ಕಡಲೂ ನಮ್ಮ ಕರೆಂಟಿನ, ನಮ್ಮ ಹೊಗೆಯ ಋಣದಲ್ಲೇ ಇದೆ. ಗಾಜಿನೊಳಗಿನ ಕಡಲಿಗೆ ಮಾತ್ರ ಯಾಕೆ ಬೈತೀರಿ?

ಚಿಕ್ಕಪ್ಪ: ಒಂದು ವ್ಯತ್ಯಾಸ ಉಂಟು, ಕೇಳು. ಲಕ್ಷದ್ವೀಪದಲ್ಲಿ ಒಂದು ಕಡೆ ಸತ್ತರೆ, ಬದುಕಿ ಉಳಿದ ಬೇರೆ ಕಡೆಯಿಂದ ಬೀಜ ತೇಲಿ ಬರ್ತದೆ. ನಮ್ಮಲ್ಲಿಯೂ ಹಾಗೇ. ಮಲ್ಪೆಯ ಎದುರು ಮೀನು ಖಾಲಿಯಾದರೆ ಬೇರೆ ಕಡೆಯಿಂದ ಬರ್ತದೆ, ನಿಧಾನ ಆಗ್ತದೆ, ಆದರೂ ಬರ್ತದೆ. ನಿನ್ನ ತೊಟ್ಟಿಗೆ ‘ಬೇರೆ ಕಡೆ’ ಅಂತ ಇಲ್ಲ. ಅದು ಚೇತರಿಸಿಕೊಳ್ಳಬೇಕಾದರೆ ನೀನು ದುಡ್ಡು ಕೊಟ್ಟು ಯಾರದೋ ಕಡಲಿಂದ ತರಬೇಕು. ಅದು ಚೇತರಿಕೆಯಾ, ಖರೀದಿಯಾ?

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದ್ದು ಹೋಗಿ ಟೆಸ್ಟ್ ಕಿಟ್ಟಿನ ಚಿಕ್ಕ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಳದಿಗೆ ಇನ್ನೂ ಹಸಿರಿನ ಛಾಯೆ ಇತ್ತು. ಹಸಿರು ಅಂದರೆ ಅಮೋನಿಯಾ ಇದೆ.

ಆಕೆ: ಪೂರ್ತಿ ಖರೀದಿ ಅಲ್ಲ. ಡಬ್ಬದ ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ಸತ್ತರೂ ಕಲ್ಲಿನಲ್ಲಿ, ಮರಳಿನಲ್ಲಿ ಎಷ್ಟೋ ಉಳಿದಿವೆ. ಅವು ತಾವಾಗೇ ಹೆಚ್ಚುತ್ತವೆ. ಹೊಸ ತೊಟ್ಟಿಗೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ, ಇದಕ್ಕೆ ಕಡಿಮೆ ಸಾಕಾಗಬಹುದು. ಅದನ್ನು ಯಾರೂ ಮಾರಬೇಕಾಗಿಲ್ಲ. ಉಪ್ಪುನೀರಿನ ಪಿಎಚ್ 8.1ರಿಂದ 8.3. ಈ ಕ್ಷಾರದಲ್ಲಿ ಅಮೋನಿಯಾದ ವಿಷದ ಪಾಲು ಸಿಹಿನೀರಿಗಿಂತ ಜಾಸ್ತಿ, ಹಾಗಾಗಿ ಸೊನ್ನೆ ತೋರಿಸೋವರೆಗೆ ಕಾಯಲೇಬೇಕು.

ಚಿಕ್ಕಪ್ಪ: ಸೊನ್ನೆ ಬಂದ ಮೇಲೆ?

ಆಕೆ: ಬಕೆಟ್‌ನಲ್ಲಿರೋದು ಗಂಡು ಕ್ಲೌನ್. ಜೋಡಿಯಲ್ಲಿ ದೊಡ್ಡದು ಹೆಣ್ಣು, ಅದು ಸತ್ತಿತು. ಇದರ ಜೊತೆ ಇನ್ನೂ ಚಿಕ್ಕದೊಂದನ್ನು ಬಿಟ್ಟರೆ ಇದೇ ಹೆಣ್ಣಾಗಿ ಮಾರ್ಪಡುತ್ತೆ. ಈ ಜಾತಿಯ ಮೀನುಗಳೆಲ್ಲ ಗಂಡಾಗೇ ಶುರು ಮಾಡೋದು. ಮರಿ ಮಾಡಿಸಿದ ಕ್ಲೌನ್ ಒಂದು ತಂದರೆ ಯಾವ ದಿಬ್ಬವನ್ನೂ ದೋಚಿದ ಹಾಗಾಗಲ್ಲ.

ಚಿಕ್ಕಪ್ಪ: ಆ ಒಂದು ಮೀನಿಗಾಗಿ ಇಷ್ಟೆಲ್ಲ ಬೇಕಾ? ಒಂದು ಕೆಲಸ ಮಾಡುವ. ಕ್ಯಾನಿನಲ್ಲಿ ಹಾಕಿ ಕೊಡು, ಊರಿಗೆ ಹೋಗುವಾಗ ತಗೊಂಡು ಹೋಗಿ ಸೇಂಟ್ ಮೇರೀಸ್ ದ್ವೀಪದ ಹತ್ತಿರ ಬಿಡ್ತೇನೆ. ಪುಣ್ಯ ಬರ್ತದೆ.

ಆಕೆ: ಪುಣ್ಯ ಅಲ್ಲ, ಪಾಪ! ತೊಟ್ಟಿಯಲ್ಲಿ ಹುಟ್ಟಿದ್ದಕ್ಕೆ ಕಡಲಲ್ಲಿ ಏನು ತಿನ್ನಬೇಕು, ಯಾರಿಗೆ ಹೆದರಬೇಕು ಅಂತ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ನೀರಿನದ್ದಲ್ಲದ ಜೀವಿಯನ್ನೋ ರೋಗವನ್ನೋ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಇದೆ. ನಮ್ಮ ಕಡೆಯ ಸಾಗರಗಳ ಲಯನ್‌ಫಿಶ್ 1985ರಲ್ಲಿ ಫ್ಲೋರಿಡಾ ತೀರದಲ್ಲಿ ಕಂಡಿತು. ಮನೆಯ ಅಕ್ವೇರಿಯಂನವರು ಬಿಟ್ಟದ್ದೇ ಅದಕ್ಕೆ ಮೂಲ ಅಂತ ಬಲವಾದ ಅಂದಾಜು. ಈಗ ಕೆರಿಬಿಯನ್ ತುಂಬ ಹರಡಿ ಅಲ್ಲಿಯ ಮರಿಮೀನುಗಳನ್ನು ನುಂಗ್ತಾ ಇದೆ. ತೆಗೆಯೋಕೆ ಆಗ್ತಾ ಇಲ್ಲ.

ಚಿಕ್ಕಪ್ಪ: ಹಾಗಾದರೆ ಅದನ್ನು ಸಾಕುವ ಬೇರೆಯವರಿಗೆ ಕೊಡು. ಮನೆಯಲ್ಲಿ ಸದಾ ಜನ ಇರುವವರಿಗೆ. ನಿಮ್ಮದು ಬೆಳಿಗ್ಗೆ ಬೀಗ, ರಾತ್ರಿ ಬೀಗ.

ಆಕೆ: ಅದೊಂದು ದಾರಿ ಇದೆ. ಒಪ್ಕೋತೀನಿ.

ಚಿಕ್ಕಪ್ಪ: ನೀರಿನ ಮಾತು ಬೇರೆ ಉಂಟು. 2024ರ ಮಾರ್ಚಿನಲ್ಲಿ ಇಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರ್ತಾರೆ. ಆ ನೀರನ್ನು ಆರ್‌ಒ ಮಾಡಿ, ಅರ್ಧಕ್ಕಿಂತ ಹೆಚ್ಚು ಹೊರಗೆ ಬಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿ ಕಡಲು ಮಾಡ್ತೀಯಲ್ಲ. ಕಡಲಿನ ಎದುರು ಮನೆ ಇರುವ ನನಗೆ ನಗು ಬರುವುದಿಲ್ಲವಾ?

ಆಕೆ: ಆರ್‌ಒ ಹೊರಗೆ ಬಿಟ್ಟ ನೀರು ಬಕೆಟ್ಟಿಗೆ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಹೋಗುತ್ತೆ. ಮಾಮೂಲು ವಾರಗಳಲ್ಲಿ ಬದಲಾಯಿಸೋ ನೀರು ನೀವು ಒಂದು ಸ್ನಾನಕ್ಕೆ ಬಳಸೋದಕ್ಕಿಂತ ಕಡಿಮೆ. ಈ ವಾರ ಮಾತ್ರ ಲೆಕ್ಕ ತಪ್ಪಿದೆ.

ಚಿಕ್ಕಪ್ಪ: ಸ್ನಾನಕ್ಕೂ ಕಣ್ಣು ಹಾಕಿದೆ. ಆಗಲಿ. ಬರ್ಲಿನಿನ ಹೋಟೆಲಿನಲ್ಲಿ ಒಡೆದು ಹೋಯ್ತಲ್ಲ ಆ ದೊಡ್ಡ ತೊಟ್ಟಿ, ಟಿವಿಯಲ್ಲಿ ನೋಡಿದ್ದೆ. ಅದನ್ನು ಇನ್ನೊಮ್ಮೆ ಕಟ್ಟಿದರಾ?

ಆಕೆ: ಆಕ್ವಾಡೋಮ್. 2022ರ ಡಿಸೆಂಬರ್ 16ರ ಬೆಳಗಿನ ಜಾವ. ಹತ್ತು ಲಕ್ಷ ಲೀಟರ್ ಉಪ್ಪುನೀರು, ಸುಮಾರು 1,500 ಮೀನು. ಬೆಳಗಿನ ಜಾವವಾದ್ದರಿಂದ ಜನರ ಜೀವ ಉಳಿಯಿತು, ಇಬ್ಬರಿಗೆ ಗಾಯ. ತಜ್ಞರು ತಿಂಗಳುಗಟ್ಟಲೆ ಚೂರು ಜೋಡಿಸಿ ನೋಡಿದರು, ಇದೇ ಕಾರಣ ಅಂತ ಖಚಿತವಾಗಿ ಹೇಳೋಕೆ ಆಗಲಿಲ್ಲ. ಮತ್ತೆ ಕಟ್ಟಲಿಲ್ಲ.

ಚಿಕ್ಕಪ್ಪ: ಅಷ್ಟು ದೊಡ್ಡವರೇ ಸಾಕು ಅಂದರು.

ಆಕೆ: ಅವರಿಗೆ ಕಾರಣ ಗೊತ್ತಾಗಲಿಲ್ಲ. ನನಗೆ ಗೊತ್ತು, ಯಾವ ಪ್ಲಗ್ ಯಾವ ಬೋರ್ಡಿನಲ್ಲಿತ್ತು ಅಂತ. ಕಾರಣ ಗೊತ್ತಿದ್ದೂ ಕೈಬಿಟ್ಟರೆ ಅದು ವಿವೇಕ ಅಲ್ಲ, ಬೇಸರ.

ಚಿಕ್ಕಪ್ಪ: ಕಾರಣ ಗೊತ್ತಾದ ಮೇಲೆ ಬೋಟು ಮುಳುಗಿದ್ದು ಎಷ್ಟೋ ಉಂಟು ಮಗಳೇ. ಮುಂದಿನ ಸಲ ಬೇರೆ ಕಾರಣ ಬರ್ತದೆ. ಹೀಟರ್ ನಿಲ್ಲದೆ ಕಾಯ್ತದೆ, ಯಾರೋ ಜಿರಳೆಗೆ ಸ್ಪ್ರೇ ಹೊಡೀತಾರೆ.

ಆಕೆ: ಸ್ಪ್ರೇ ವಿಷಯ ಸರಿ. ಗಾಳಿಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತೆ. ಆ ಔಷಧಿಗಳಲ್ಲಿರೋ ಪೈರಿಥ್ರಾಯ್ಡ್ ಸಿಗಡಿಗೂ ಮೀನಿಗೂ ಘೋರ. ಅದನ್ನೂ ಬರೆದಿಟ್ಟುಕೊಂಡಿದ್ದೀನಿ.

ಚಿಕ್ಕಪ್ಪ: ಬರೆದಿಟ್ಟು ಪಟ್ಟಿ ಉದ್ದ ಆಗ್ತಾ ಹೋಗ್ತದೆ. ಒಂದು ದಿನ ನಿನಗೇ ಸಾಕಾಗ್ತದೆ. ಆಗ ಒಳಗೆ ಜೀವ ಇರದಿದ್ದರೆ ಒಳ್ಳೇದು, ಅಷ್ಟೇ ನಾನು ಹೇಳುವುದು.

ಮಾತು ಅಲ್ಲಿಗೆ ನಿಲ್ಲಲಿಲ್ಲ, ಊಟಕ್ಕೆ ಕೂತಾಗಲೂ ನಡೆಯಿತು. ಚಿಕ್ಕಪ್ಪ ಊರಿಂದ ತಂದಿದ್ದ ಒಣಮೀನಿನ ಚಟ್ನಿಯನ್ನು ಆಕೆ ಎರಡನೇ ಸಲ ಹಾಕಿಸಿಕೊಂಡದ್ದನ್ನು ಅವರು ಗಮನಿಸಿದರು, ಏನೂ ಅನ್ನಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಎರಡೇ ವಿಷಯಕ್ಕೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ಅಲ್ಲೇ ನಿಲ್ಲುವವರೆಗೆ ಹೊಸ ಜೀವ ತರುವುದಿಲ್ಲ. ಮನೆ ಬಿಟ್ಟು ಹೋಗುವಾಗ ತೊಟ್ಟಿಯನ್ನು ನೋಡಲು ಹೇಳುವವರಿಗೆ ಕೂಲಿ ಮೊದಲೇ ಮಾತಾಡುವುದು. ತೊಟ್ಟಿ ಇರಬೇಕೇ ಎಂಬ ಪ್ರಶ್ನೆಗೆ ಚಿಕ್ಕಪ್ಪನ ಉತ್ತರ ಈಗಲೂ ಬೇಡ, ಆಕೆಯದು ಬೇಕು. ನನ್ನನ್ನು ಕೇಳಿದರೆ, ಆ ಒಂದು ಮೀನು ಇರುವಷ್ಟು ಕಾಲ ಆಕೆ ಸರಿ, ಅದರ ನಂತರ ಚಿಕ್ಕಪ್ಪ.

ಮನೆಯಲ್ಲಿ ಇಂಥ ತೊಟ್ಟಿ ಇರುವವರು ಯಾರ ಕಡೆ ನಿಂತರೂ ಸರಿ, ಈ ಮಳೆಗಾಲದಲ್ಲಿ ಒಮ್ಮೆ ಮೇನ್ ಆಫ್ ಮಾಡಿ ನೋಡಿ, ಇನ್ವರ್ಟರಿನಲ್ಲಿ ಪಂಪು ಓಡುತ್ತದೆಯೇ ಎಂದು. ಓಡದಿದ್ದರೆ ಚಿಲ್ಲರ್ ಅಲ್ಲೇ ಇರಲಿ, ಪಂಪಿನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಬದಲಾಯಿಸಿ. ಗಂಟೆಗಟ್ಟಲೆ ಕರೆಂಟು ಹೋದರೆ ಮುಚ್ಚಿದ ಫಿಲ್ಟರಿನ ಪ್ಲಗ್ ಕಿತ್ತಿಡಿ, ಒಳಗಿನದನ್ನು ತೊಳೆಯದೆ ಮತ್ತೆ ಹಾಕಬೇಡಿ.